ಭೈರವಿ ಭರಣಿ

ಮೊನ್ನೆ ನನ್ನ ಅಳಿಯ ಒಂದು ಬಾಟಲಿ ವೈನು ತಂದ. ಅತ್ತೆಗೆ ವೈನು ತಂದುಕೊಡುವ ಅಳಿಯ ನಿಮ್ಮ ಮನೆಯಲ್ಲೂ ಇದ್ದಾನೋ ಇಲ್ಲವೋ ನಾನರಿಯೆ. ನನ್ನವನು ಪಾಪ, ಒಳ್ಳೆಯವನು. ಅದನ್ನು ನಾನು ಕುಡಿಯಲೆಂದು ತಂದದ್ದಲ್ಲ, ಓದಲೆಂದು ತಂದದ್ದು. ಬಾಟಲಿಯ ಬೆನ್ನಿಗೆ ಅಂಟಿಸಿದ್ದ ಚೀಟಿ ತೋರಿಸಿ, "ಅತ್ತಿ, ಇದನ್ನ ಸ್ವಲ್ಪ ಓದ್ರಿ" ಎಂದ. ಕನ್ನಡಕ ಏರಿಸಿ ಓದಿದೆ. ರಾಸಾಯನಿಕ ಕಾಣದ ತೋಟದ ದ್ರಾಕ್ಷಿಯಂತೆ. ಹೊರಗಿನ ಹುದುಗು ಹಾಕದೆ ತಾನಾಗಿಯೇ ಹುದುಗಲು ಬಿಟ್ಟದ್ದಂತೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕೊನೆಗೆ, ಪೀಪಾಯಿಗಳಿಗೆ ಶಾಸ್ತ್ರೀಯ ಸಂಗೀತ ಕೇಳಿಸಿ ಹದಗೊಳಿಸಲಾಗಿದೆ ಎಂದು ದೊಡ್ಡದಾಗಿ ಬರೆದುಕೊಂಡಿದ್ದರು.

"ಯಾವ ರಾಗ ಅಂತ ಬರದಿಲ್ಲಲ್ಲಪಾ?" ಎಂದೆ.

ಅಳಿಯ ಬಾಟಲಿಯನ್ನು ಸುತ್ತ ತಿರುಗಿಸಿ ನೋಡಿದ. ಎಲ್ಲೂ ಇರಲಿಲ್ಲ. ರಾಗದ ಹೆಸರಿಲ್ಲದೆ ಸಂಗೀತ ಕೇಳಿಸಿದೆವು ಎಂದರೆ ಯಾವ ಲೆಕ್ಕ? ಊಟಕ್ಕೆ ಏನು ಮಾಡಿದ್ದೀರಿ ಎಂದರೆ "ತಿನ್ನೋದು" ಎಂದ ಹಾಗಾಯಿತು. ನನಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ಒದ್ದೆಯಾಯಿತು. ಅಳಿಯ ಹೆದರಿ ಬಾಟಲಿಯನ್ನು ಒಳಗೆ ಇಟ್ಟುಬಂದ.

ನಮ್ಮದು ಸವಣೂರು. ಸವಣೂರು ಎಂದೊಡನೆ ಮಂದಿಗೆ ಖಾರದ ಪೊಟ್ಟಣ ನೆನಪಾಗುತ್ತದೆ, ವೀಳ್ಯದೆಲೆ ನೆನಪಾಗುತ್ತದೆ, ಆನೆಕಾಲಿನಂಥ ಕಾಂಡದ ದೊಡ್ಡ ಹುಣಸೆಮರ ನೆನಪಾಗುತ್ತದೆ. ನನಗೆ ಮಾತ್ರ ನಮ್ಮ ಹಿತ್ತಲಿನ ದ್ರಾಕ್ಷಿ ಚಪ್ಪರ ನೆನಪಾಗುತ್ತದೆ. ಸುತ್ತಲೂ ಎಲೆಬಳ್ಳಿಯ ತೋಟ, ನಡುವೆ ನಮ್ಮದೊಂದು ಮನೆಯಲ್ಲಿ ಮಾತ್ರ ಕರಿದ್ರಾಕ್ಷಿಯ ಬಳ್ಳಿ. ಯುಗಾದಿಯ ಆಚೀಚೆ ಹಣ್ಣು ಬರುತ್ತಿತ್ತು. ತಿನ್ನಲು ಕೊಟ್ಟರೆ ಮುಖ ಸೊಟ್ಟಗಾಗುವಷ್ಟು ಹುಳಿ. ಸಿಪ್ಪೆ ದಪ್ಪ, ಒಳಗೆ ಬರೀ ಬೀಜ. ಹಾಗಾಗಿ ಓಣಿಯ ಹುಡುಗರು ಯಾರೂ ಅದನ್ನು ಕದಿಯುತ್ತಿರಲಿಲ್ಲ. ಕದಿಯಲಾರದ ಹಣ್ಣು ಬೆಳೆದದ್ದೇ ನಮ್ಮಪ್ಪನ ಜಾಣತನ ಎಂದು ಅವ್ವ ಹಂಗಿಸುತ್ತಿದ್ದಳು.

ಆ ಹಣ್ಣಿನಿಂದ ಅಪ್ಪ ದ್ರಾಕ್ಷಾಸವ ಮಾಡುತ್ತಿದ್ದ. ಊಟವಾದ ಮೇಲೆ ಎರಡು ಚಮಚ ಕುಡಿದರೆ ಹೊಟ್ಟೆ ಹಗುರಾಗುವ ಔಷಧ. ಅಜ್ಜನ ಕಾಲದಿಂದ ಬಂದ ವಿದ್ಯೆ. ಲಿಂಗವಂತರ ಮನೆಯಲ್ಲಿ ಸೆರೆ ಸಾರಾಯಿ ಕಾಯಿಸುತ್ತಾರೆ ಎಂದು ಹಿಂದೆಮುಂದೆ ಆಡಿಕೊಳ್ಳುವವರೂ ಇದ್ದರು. ಆಡಿಕೊಂಡವರೇ ಹಬ್ಬದ ಹೋಳಿಗೆ ಹೆಚ್ಚಾದಾಗ ಹಿತ್ತಲ ಬಾಗಿಲಿಗೆ ಬಂದು ಸಣ್ಣ ಶೀಷೆ ಚಾಚುತ್ತಿದ್ದರು.

ಮಾಡುವ ಬಗೆ ಹೇಳುತ್ತೇನೆ ಕೇಳಿ, ನೀವೇನೂ ಮಾಡಲು ಹೋಗಬೇಡಿ. ಹಣ್ಣನ್ನು ತೊಳೆಯಬಾರದು. ಸಿಪ್ಪೆಯ ಮೇಲೆ ಬೂದಿ ಉದುರಿಸಿದಂತೆ ಒಂದು ಬಿಳಿ ಪುಡಿ ಇರುತ್ತದಲ್ಲ, ಜೀವ ಇರುವುದೇ ಅದರಲ್ಲಿ. ತೊಟ್ಟು ಬಿಡಿಸಿ, ಕೈಯಿಂದ ಕಿವುಚಿ, ಬೆಲ್ಲ, ಏಲಕ್ಕಿ, ಲವಂಗ, ಮೆಣಸು ಸೇರಿಸಿ, ಹಾನಗಲ್ಲಿನ ಕಡೆಯ ಕಾಡಿನಿಂದ ತಂದು ಒಣಗಿಸಿದ ಕೆಂಪು ಧಾತಕಿ ಹೂವು ಹಾಕಬೇಕು. ಲೋಬಾನದ ಹೊಗೆ ಕೊಟ್ಟ ಭರಣಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಬೇಕು. ಮೂರ್ನಾಲ್ಕು ದಿನಕ್ಕೆ ಒಳಗೆ ಸದ್ದು ಏಳುತ್ತದೆ. ಮೊದಲು ಪಿಸುಮಾತಿನಂತೆ, ಆಮೇಲೆ ಗುಳುಗುಳು, ಕಡೆಗೆ ಇಡೀ ಕೋಣೆ ತುಂಬುವ ಒಂದು ಗುಂಯ್ ದನಿ. ಆ ದನಿ ತಾನಾಗಿಯೇ ಅಡಗಿದ ದಿನ ಬಾಯಿಗೆ ಮಣ್ಣು ಮೆತ್ತಿ ಭತ್ತದ ರಾಶಿಯಲ್ಲಿ ಹುಗಿಯಬೇಕು. ಅಲ್ಲಿಂದ ಮುಂದೆ ಕಾಯುವುದೊಂದೇ ಕೆಲಸ, ಆ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು.

ಹಿರೇಕೆರೂರಿನಲ್ಲಿ ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇಟ್ಟಿದ್ದ ನಮ್ಮ ಸೋದರಮಾವನಿಗೆ ಇದನ್ನು ಕಂಡರೆ ಕನಿಕರ. ಬಂದಾಗಲೆಲ್ಲ ಒಂದು ಡಬ್ಬಿ ಔಷಧ ಹಿಡಿದುಕೊಂಡೇ ಬರುತ್ತಿದ್ದ. ಬಳ್ಳಿಗೆ ಹೊಡೆದರೆ ಹಣ್ಣು ಇಮ್ಮಡಿಯಾಗುತ್ತದೆ ಎನ್ನುತ್ತಿದ್ದ. ಅಪ್ಪ ಬೇವಿನ ಕಷಾಯ, ಒಲೆಯ ಬೂದಿ ಬಿಟ್ಟು ಬೇರೆ ಏನನ್ನೂ ಬಳ್ಳಿಯ ಹತ್ತಿರ ಬಿಡುತ್ತಿರಲಿಲ್ಲ. ಒಂದು ಸಲ ಮಾವ ಹುದುಗೇಳಿಸುವ ಪುಡಿಯನ್ನೇ ತಂದ.

"ಭಾವಾ, ಇದನ್ನ ಒಂದು ಚಮಚೆ ಹಾಕ್ರಿ. ಸಂಜಿಗೇ ಕುದ್ದಂಗ ಏಳ್ತೈತಿ. ಹಿಂಗ ಕಿವಿ ಹಚ್ಚಿ ಕುಂದ್ರೂದು ತಪ್ತೈತಿ."

"ಪೇಟಿ ಒತ್ತಿದ್ರ ಸ್ವರ ಬರ್ತೈತಿ, ಖರೆ," ಎಂದ ಅಪ್ಪ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತೇವೆ. "ಆದ್ರ ಅದು ಪೇಟಿ ಸ್ವರ. ನನಗ ಗಂಟಲದಾಗಿಂದ ತಾನ ಎದ್ದು ಬಂದಿದ್ದು ಬೇಕು. ತಡಾ ಆಗ್ಲಿ."

ಮಾವನಿಗೆ ಪೇಟಿಯೂ ಗೊತ್ತಿರಲಿಲ್ಲ, ಗಂಟಲೂ ಗೊತ್ತಿರಲಿಲ್ಲ. ಪುಡಿಯನ್ನು ಅವ್ವನ ಕೈಗೆ ಕೊಟ್ಟು ಹೋದ. ಅವ್ವ ಅದರಿಂದ ಒಂದು ದಿನ ದೋಸೆ ಮಾಡಿದಳು, ದೋಸೆ ಚೆನ್ನಾಗಿಯೇ ಬಂದವು.

ಈಗ ಸಂಗೀತಕ್ಕೆ ಬರುತ್ತೇನೆ. ಅಪ್ಪ ಪ್ರಾಯದಲ್ಲಿ ಹುಬ್ಬಳ್ಳಿಯ ಗುರುಗಳೊಬ್ಬರ ಮನೆಯಲ್ಲಿದ್ದು ಹಿಂದುಸ್ತಾನಿ ಗಾಯನ ಕಲಿತವನು. ಕಲಿಕೆ ಒಂದು ಹದಕ್ಕೆ ಬರುತ್ತಿದ್ದಾಗ ನಮ್ಮಜ್ಜ ತೀರಿಕೊಂಡ. ಹೊಲ ಹಿಡಿಯಲು ಬೇರೆ ಗಂಡುದಿಕ್ಕಿರಲಿಲ್ಲ. ಹೇಳಿದರೆ ಎಲ್ಲಿ ತನ್ನ ಮನಸ್ಸು ಹಿಂದೆಗೆಯುತ್ತದೋ ಎಂದು ಅಪ್ಪ ಗುರುಗಳ ಅಪ್ಪಣೆ ಕೇಳದೆಯೇ ಊರಿಗೆ ಬಂದುಬಿಟ್ಟ. ಆ ಮೇಲೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಅಪ್ಪಣೆ ಇಲ್ಲದ ಶಿಷ್ಯ ನಾಲ್ಕು ಮಂದಿಯ ಮುಂದೆ ಬಾಯಿ ತೆರೆಯಬಾರದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡ. ಮಠದಲ್ಲಿ ಕರೆದರೂ ಹಾಡಲಿಲ್ಲ, ಮದುವೆಯಲ್ಲಿ ಕರೆದರೂ ಹಾಡಲಿಲ್ಲ.

ಆದರೆ ಭರಣಿಗಳ ಮುಂದೆ ಹಾಡುತ್ತಿದ್ದ. "ಭರಣಿ ಮಂದ್ಯಾಗ ಬರೂದಿಲ್ಲ" ಎನ್ನುವುದು ಅವನ ಸಮಜಾಯಿಷಿ. ಒಳಗೆ ದನಿ ಎದ್ದಾಗ ಅದಕ್ಕೆ ಕಿವಿ ಹಚ್ಚಿ, ತಂಬೂರಿಯನ್ನು ಅದಕ್ಕೆ ಹೊಂದಿಸಿಕೊಂಡು ಕಾಳಿನ ಕೋಣೆಯಲ್ಲಿ ಕೂತುಬಿಡುತ್ತಿದ್ದ. ಅವಸರ ಮಾಡಿದರೆ ರಾಗವೂ ಹುಳಿ, ಆಸವವೂ ಹುಳಿ ಎನ್ನುತ್ತಿದ್ದ. ನನಗೆ ಆ ಕೋಣೆಯ ಹತ್ತಿರ ಹಾಡು ಗುನುಗಲೂ ನಿಷೇಧವಿತ್ತು. "ನೀ ಅಲ್ಲಿ ದನಿ ತಗೀಬ್ಯಾಡವಾ, ಭರಣಿ ಕೆಡ್ತಾವು" ಎಂದು ಅಪ್ಪ ಕೈಮುಗಿದು ಹೇಳಿದ್ದ. ಬೇಸರವೇನೂ ಇಲ್ಲ. ನನ್ನ ದನಿಗೆ ಅಷ್ಟು ಶಕ್ತಿ ಇದೆ ಎಂದು ಒಪ್ಪಿದವನು ಲೋಕದಲ್ಲಿ ಅವನೊಬ್ಬನೇ.

ಹಣ್ಣು ಒಮ್ಮೆಗೇ ಬರುವುದಿಲ್ಲವಾದ್ದರಿಂದ ಭರಣಿಗಳು ಒಂದರ ಹಿಂದೊಂದು ತುಂಬುತ್ತಿದ್ದವು. ಯಾವ ಭರಣಿಗೆ ಯಾವ ರಾಗ ಹಾಡಿದನೋ ಅದೇ ಅದರ ಹೆಸರು. ಮೊದಲನೆಯದು ತೋಡಿ, ಆಮೇಲೆ ಭೂಪ, ಆಮೇಲೆ ಯಮನ್. ಊರಿನವರೂ ಹಾಗೆಯೇ ಕರೆಯತೊಡಗಿದರು. ರಾಗ ಎಂದರೇನೆಂದು ತಿಳಿಯದವರು ಬಂದು "ಸ್ವಲ್ಪ ಭೂಪ ಕೊಡ್ರಿ, ಹೊಟ್ಟಿ ಉಬ್ಬರಿಸೈತಿ" ಎನ್ನುತ್ತಿದ್ದರು. ಶಿಗ್ಗಾಂವಿಯ ಅತ್ತೆ ಬಂದರೆಂದರೆ ದಿನಕ್ಕೆ ಮೂರು ಹೊತ್ತು ಅವರಿಗೆ ಹೊಟ್ಟೆನೋವು ಬರುತ್ತಿತ್ತು. "ತೋಡಿ ನನಗ ಹತ್ತೂದಿಲ್ಲ, ಯಮನ್ ಇದ್ರ ನೋಡು" ಎಂದು ಅವರು ಹೇಳುವುದನ್ನು ಕೇಳಿದ ಹೊಸಬರು ಈಕೆ ದೊಡ್ಡ ಗಾಯಕಿಯೇ ಇರಬೇಕೆಂದು ನಮಸ್ಕಾರ ಮಾಡಿದ್ದೂ ಉಂಟು.

ಕೊನೆಯ ಭರಣಿ ಮಾತ್ರ ಯಾವಾಗಲೂ ಭೈರವಿ. ಬಳ್ಳಿಯಲ್ಲೇ ಬಿಟ್ಟು, ಬಿಸಿಲು ಕುಡಿದು ಸುಕ್ಕುಗಟ್ಟಿದ ಕಡೆಯ ಗೊಂಚಲುಗಳು ಅದಕ್ಕೆ. ಅದೊಂದಕ್ಕೆ ಮಾತ್ರ ಬಾಯಿಗೆ ಮಣ್ಣು ಮೆತ್ತುವಾಗಲೂ ಅಪ್ಪ ಹಾಡುತ್ತಿದ್ದ. ಕಚೇರಿಯಲ್ಲಿ ಭೈರವಿ ಹಾಡಿದರೆ ಮುಗಿಯಿತು, ಅದರ ಮೇಲೆ ಬೇರೆ ರಾಗ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ಆಸವಕ್ಕೂ ಅದೇ ನಿಯಮ. ಭೈರವಿ ಭರಣಿ ತೆರೆದರೆಂದರೆ ಆ ವರ್ಷ ಬೇರೆ ಭರಣಿ ತೆರೆಯುವಂತಿಲ್ಲ. ಇದು ಯಾವ ವೈದ್ಯಶಾಸ್ತ್ರದಲ್ಲೂ ಇಲ್ಲ, ಯಾವ ಸಂಗೀತಶಾಸ್ತ್ರದಲ್ಲೂ ಇಲ್ಲ. ಎರಡನ್ನೂ ಒಂದೇ ಮನೆಯಲ್ಲಿಟ್ಟುಕೊಂಡವರಿಗೆ ಮಾತ್ರ ಬರುವ ಹುಚ್ಚು.

ನನ್ನ ಅಕ್ಕ ಶಾಂತಾಳ ದನಿ ಅಪ್ಪನದೇ. ಅವಳಿಗೆ ಅಪ್ಪನೇ ಪಾಠ ಹೇಳಿದ. ಆದರೆ ಅಪ್ಪಣೆ ಇಲ್ಲದವನ ಪಾಠಕ್ಕೆ ಏನು ಬೆಲೆ ಎಂಬ ಕೊರಗು ಅವನಿಗೆ. ಗುರುಗಳು ಅಕ್ಕನನ್ನು ಶಿಷ್ಯಳೆಂದು ಒಪ್ಪಿ ಅವಳ ಬಲಗೈಗೆ ಕೆಂಪು ದಾರ ಕಟ್ಟಿಬಿಟ್ಟರೆ ಸಾಕಿತ್ತು. ತಾನು ಹೇಳದೆ ದಾಟಿಬಂದ ಹೊಸ್ತಿಲಿಗೆ ಮಗಳಾದರೂ ಮರ್ಯಾದೆಯಿಂದ ಹೋಗಲಿ ಎಂಬುದು ಅವನ ಆಸೆ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಪರಿಚಯದ ತಬಲಾದವರೊಬ್ಬರ ಮೂಲಕ ಎದೆ ಗಟ್ಟಿಮಾಡಿಕೊಂಡು ಹೇಳಿ ಕಳಿಸಿದ. ಗುರುಗಳಿಂದ ಉತ್ತರ ಬಂತು. ಹಾನಗಲ್ಲಿನಲ್ಲಿ ಕಚೇರಿ ಮುಗಿಸಿ, ಬಂಕಾಪುರದ ಮೇಲೆ ಸವಣೂರಿಗೆ ಬಂದು, ಹುಡುಗಿಯ ಹಾಡು ಕೇಳಿ, ಸಂಜೆ ಯಲವಿಗಿಯಲ್ಲಿ ರೈಲು ಹತ್ತುತ್ತಾರಂತೆ.

ಅಂದಿನಿಂದ ಮನೆಯಲ್ಲಿ ಮಧ್ಯಾಹ್ನದ ರಾಗ ಮುಲ್ತಾನಿಯೊಂದೇ. ಅಕ್ಕ ಮುಲ್ತಾನಿ ಹಾಡುತ್ತಲೇ ರೊಟ್ಟಿ ಬಡಿದಳು, ಮುಲ್ತಾನಿ ಹಾಡುತ್ತಲೇ ನೀರು ಸೇದಿದಳು. ನಮ್ಮ ಎಮ್ಮೆಗೆ ಕೂಡ ಮುಲ್ತಾನಿ ಬಾಯಿಪಾಠವಾಗಿರಬೇಕು.

ಶ್ರಾವಣದ ಒಂದು ದಿನ ಊಟದ ಹೊತ್ತಿಗೆ ಗುರುಗಳು ಬಂದರು. ಎತ್ತರದ ಆಳು, ತಲೆಗೆ ರುಮಾಲು, ಕಣ್ಣಲ್ಲಿ ನಗು ಇದೆಯೋ ಸಿಟ್ಟು ಇದೆಯೋ ಹೇಳಲಾಗದು. ಅಪ್ಪ ಕಾಲಿಗೆ ಬಿದ್ದವನು ಏಳಲೇ ಇಲ್ಲ.

"ಏಳಪಾ ಚನ್ನವೀರಾ, ಹಸದೇನಿ" ಎಂದರು ಗುರುಗಳು.

ರೊಟ್ಟಿ, ಎಣ್ಣೆಗಾಯಿ, ಮೊಸರು ಆಯಿತು. ಕೈ ತೊಳೆದು ನಡುಮನೆಯ ಕಂಬಳಿಯ ಮೇಲೆ ಕೂತು, "ನಿನ್ನ ಆಸವದ ಸುದ್ದಿ ಹಾನಗಲ್ಲಿನ್ಯಾಗೂ ಕೇಳಿದ್ನಿ. ತರಸು ನೋಡೂಣು" ಎಂದರು. ತೋಡಿ ಭರಣಿ ಆಗ ಬಳಕೆಯಲ್ಲಿತ್ತು. ಅವ್ವ ಬೆಳ್ಳಿಯ ಬಟ್ಟಲಲ್ಲಿ ತಂದುಕೊಟ್ಟಳು. ಗುರುಗಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕೋಣೆಯ ತುಂಬ ಪರಿಮಳ ಹರಡಿತು. ಅಪ್ಪನ ಮೂಗು ಅರಳಿತು, ಮುಖ ಬಾಡಿತು.

"ಯಾವ ಭರಣಿ ತಗದಿ?" ಎಂದ ಮೆಲ್ಲಗೆ.

"ಭೈರವಿ," ಎಂದಳು ಅವ್ವ ಮೆಲ್ಲಗಲ್ಲ. ಅವಳಿಗೆ ಸಂಗೀತ ತಿಳಿಯುತ್ತಿರಲಿಲ್ಲ, ಆಸವ ಚೆನ್ನಾಗಿ ತಿಳಿಯುತ್ತಿತ್ತು. "ಇಂಥಾವ್ರು ಮನಿಗೆ ಬಂದಾಗ ತಳದಾಗ ಉಳದ ತೋಡಿ ಕೊಡ್ಲೇನು? ಮತ್ತ ಛಲೋದು ಯಾರಿಗಂತ ಇಡೂದು?"

ಅಪ್ಪ ತಲೆ ತಗ್ಗಿಸಿದ. ಗುರುಗಳು ಏನದು ಎಂದು ಕೇಳಿದರು. ಹೇಳದೆ ವಿಧಿಯಿರಲಿಲ್ಲ. ಭರಣಿಗಳ ಹೆಸರು, ಭೈರವಿಯ ನಿಯಮ ಎಲ್ಲವನ್ನೂ ಅಪ್ಪ ನಾಚಿಕೊಂಡು ಹೇಳಿದ. ಗುರುಗಳು ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಬಟ್ಟಲು ಕೆಳಗಿಟ್ಟು ಹೇಳಿದರು:

"ಅಂದ್ರ ಈ ಮನ್ಯಾಗ ಇವತ್ತ ಭೈರವಿ ಆತು. ಇನ್ನ ಮುಲ್ತಾನಿ ಹೆಂಗ ಕೇಳ್ಲಿ?"

"ಆ ನೇಮ ಆಸವಕ್ಕರೀ, ಹಾಡಿಗಲ್ಲ" ಎಂದ ಅಪ್ಪ.

"ಹಾಡಿಗಲ್ಲಂದ್ರ ಭರಣಿಗೆ ರಾಗದ ಹೆಸರು ಯಾಕಿಟ್ಟಿ? ಇಟ್ಟ ಮ್ಯಾಲ ನಡೀಬೇಕು. ನಿನ್ನ ಮನಿ ಪದ್ಧತಿ ನಾ ಮುರ್ಯಾಂಗಿಲ್ಲ. ಹುಡಿಗಿಗೆ ಭೈರವಿ ಬರ್ತೈತೇನು?"

"ಕಲಿಸಿಲ್ರೀ" ಎಂದ ಅಪ್ಪ. ಭೈರವಿ ಕಡೆಯ ಪಾಠ, ಗುರುಗಳೇ ಕೊಡಬೇಕಾದ್ದು ಎಂದು ಅದನ್ನು ಮುಟ್ಟಿರಲೇ ಇಲ್ಲ. ಇಷ್ಟು ವರ್ಷದ ಆಸೆ ಒಂದು ಬೆಳ್ಳಿ ಬಟ್ಟಲಲ್ಲಿ ಮುಳುಗಿಹೋಯಿತು ಎಂದು ನನಗೆ ಅಳು ಬಂತು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾನೇನು ಮಾಡಿದೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಬರ್ತೈತ್ರಿ" ಎಂದಳು ಅಕ್ಕ.

ಅಪ್ಪ ತಿರುಗಿ ನೋಡಿದ. ಅಕ್ಕ ಅವನ ಕಡೆ ನೋಡಲಿಲ್ಲ. ತಂಬೂರಿ ಎತ್ತಿಕೊಂಡು ಶ್ರುತಿ ಸರಿಮಾಡಿ ಭೈರವಿ ಶುರು ಮಾಡಿದಳು.

ನನಗೆ ಸಂಗೀತದ ಗಂಧವಿಲ್ಲ. ಆದರೂ ಅಂದು ಅಕ್ಕ ಹಾಡಿದ್ದು ಇಂದಿಗೂ ಕಿವಿಯಲ್ಲಿದೆ. ತಿಂಗಳುಗಟ್ಟಲೆ ತಿದ್ದಿ ತೀಡಿದ ಮುಲ್ತಾನಿಯಲ್ಲಿ ಒಂದು ಬಿಗಿ ಇರುತ್ತಿತ್ತು, ಪರೀಕ್ಷೆಗೆ ಹೊರಟವರ ಹಾಗೆ. ಇದರಲ್ಲಿ ಅದಿರಲಿಲ್ಲ. ಯಾರೂ ಕಲಿಸದ್ದು, ಯಾರೂ ತಿದ್ದದ್ದು, ಒಳಗೇ ಇದ್ದು ಒಳಗೇ ಹದಗೊಂಡದ್ದು ಹೊರಗೆ ಬಂತು. ಗುರುಗಳು ಮೊದಲು ಗೋಡೆಗೆ ಒರಗಿದ್ದವರು ಮೆಲ್ಲನೆ ಮುಂದೆ ಬಾಗಿದರು. ಹಾಡಿನ ನಡುವೆ ಅಕ್ಕ ಒಂದು ಕಡೆ ಫಕ್ಕನೆ ನಿಂತಳು. ಒಂದು ಉಸಿರು ಬಿಟ್ಟು ಮತ್ತೆ ಹಿಡಿದಳು. ಮತ್ತೆ ಅದೇ ಜಾಗಕ್ಕೆ ಬಂದಾಗ ಮತ್ತೆ ನಿಂತಳು.

ಮುಗಿದ ಮೇಲೆ ಗುರುಗಳು ಕೇಳಿದ ಮೊದಲ ಮಾತು ಅದೇ. "ಅಲ್ಲಿ ಯಾಕ ನಿಂತಿ?"

"ಅಪ್ಪ ಅಲ್ಲಿ ನಿಂದರ್ತಾರ್ರಿ. ಮಣ್ಣು ತಗೊಂಡು ಭರಣಿ ಬಾಯಿಗೆ ಮೆತ್ತಾಕ."

ಪ್ರತಿವರ್ಷ ಅಪ್ಪ ಭೈರವಿ ಭರಣಿ ಮುಚ್ಚುವಾಗ ಅಕ್ಕ ಕಾಳಿನ ಕೋಣೆಯ ಗೋಡೆಯಾಚೆ ಕೂತು ಕೇಳುತ್ತಿದ್ದಳಂತೆ. ಕೇಳಿ ಕೇಳಿ ಕಲಿತಳು. ಮಣ್ಣು ಮೆತ್ತುವ ನಿಲುಗಡೆಯೂ ರಾಗದಲ್ಲೇ ಇದೆ ಎಂದು ತಿಳಿದು ಅದನ್ನೂ ಕಲಿತಳು. ಬೇರೆ ಯಾವ ಮನೆಯ ಹುಡುಗಿಯೂ ಈ ತಪ್ಪು ಮಾಡಲು ಸಾಧ್ಯವಿಲ್ಲ. ನಮ್ಮ ಮನೆಯ ಬಗ್ಗೆ ನನಗೆ ಹೆಮ್ಮೆ ಎನಿಸಿದ್ದು ಎಷ್ಟೋ ಸಲ, ಆದರೆ ಆ ತಪ್ಪಿನ ಮೇಲಿನಷ್ಟು ಹೆಮ್ಮೆ ಬೇರೆ ಯಾವುದರ ಮೇಲೂ ಇಲ್ಲ.

"ಅದು ರಾಗದಾಗ ಇಲ್ಲ," ಎಂದರು ಗುರುಗಳು. ಅಕ್ಕನ ಮುಖ ಸಣ್ಣದಾಯಿತು. "ಇರ್ಲಿ, ಬಿಡಬ್ಯಾಡ. ಛಲೋ ಐತಿ."

ಆಮೇಲೆ ಅವರು ಅಪ್ಪನ ಕಡೆ ತಿರುಗಿದರು. "ನೀ ಹಾಡೂದು ಬಿಟ್ಟಿ ಅಂತ ತಿಳದಿದ್ನಿ."

"ಮಂದಿ ಮುಂದ ಬಿಟ್ಟೇನ್ರಿ. ನಿಮ್ಮ ಅಪ್ಪಣಿ ಇರ್ಲಿಲ್ಲಲ್ರಿ."

"ಯಾರೂ ಕೇಳದ ಜಾಗಾದಾಗ ಇಷ್ಟು ವರ್ಷ ಹಾಡಿದಿ?"

"ಭರಣಿ ಕೇಳ್ತಿದ್ವಲ್ರಿ" ಎಂದ ಅಪ್ಪ. ಅವನು ತಮಾಷೆಗೆ ಹೇಳಲಿಲ್ಲ.

ತಟ್ಟೆಯಲ್ಲಿ ಅರಿಶಿನ, ಕುಂಕುಮ, ಕೆಂಪು ದಾರ ಕಾಯುತ್ತಿತ್ತು. ಗುರುಗಳು ದಾರ ಎತ್ತಿಕೊಂಡು ಬೆರಳಿಗೆ ಸುತ್ತಿದರು.

"ಇದನ್ನ ನಾ ಕಟ್ಟೂದಿಲ್ಲ" ಎಂದರು.

ಗುರುಗಳು ದಾರವನ್ನು ಅಪ್ಪನ ಅಂಗೈಯಲ್ಲಿಟ್ಟರು. "ನೀ ಕಟ್ಟು. ಇಕಿ ಗುರು ನೀನ. ನಾ ಕಟ್ಟಿದ್ರ ಅದು ಕಳುವು ಆಗ್ತೈತಿ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಕರಕೊಂಡು ಬಾ, ಇಬ್ರೂ ನನ್ನ ಮುಂದ ಕುಂದರ್ರಿ."

ಅಪ್ಪ ಎರಡು ಸಲ ಸುತ್ತಿದರೂ ಗಂಟು ಬೀಳಲಿಲ್ಲ. ಅಕ್ಕ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು, ಆಗ ಬಿತ್ತು. ಆ ವರ್ಷ ಭೂಪ, ಯಮನ್ ಎರಡೂ ಭರಣಿ ಭತ್ತದಲ್ಲೇ ಉಳಿದವು. ಶಿಗ್ಗಾಂವಿಯ ಅತ್ತೆ ಅವ್ವನ ಮೇಲೆ ಮುನಿಸಿಕೊಂಡು ದೀಪಾವಳಿಗೂ ಬರಲಿಲ್ಲ. ಮರುವರ್ಷ ತೆರೆದಾಗ ಅವು ಎಷ್ಟು ಸೊಗಸಾಗಿದ್ದವೆಂದರೆ, ಅತ್ತೆ ತಾವಾಗಿಯೇ ಬಂದು ಒಂದು ತಿಂಗಳು ಉಳಿದರು. ಅದಿರಲಿ.

ಹೊರಗೆ ಯಲವಿಗಿಗೆ ಹೋಗಲು ಗಾಡಿ ಹೂಡಿ ನಿಲ್ಲಿಸಿದ್ದರು. ಗುರುಗಳು ಎದ್ದವರು ಮತ್ತೆ ಕೂತರು.

"ಚನ್ನವೀರಾ, ಈಗ ನೀ ಹಾಡು. ಕೇಳಿ ಹೋಗ್ತೇನಿ."

ಅಪ್ಪ ಕೈಮುಗಿದ. "ಭೈರವಿ ಆಗೇತ್ರಿ."

ಗುರುಗಳು ಬಾಗಿಲಾಚೆ ಕೂಗಿ ಹೇಳಿದರು, "ಏ ತಮ್ಮಾ, ಎತ್ತು ಬಿಚ್ಚು. ನಾಳಿ ಹೋಗೂಣಂತ."

ಮರುದಿನ ಬೆಳಗಾಗುವುದರೊಳಗೆ ಸುದ್ದಿ ಓಣಿಯ ತುಂಬ ಹಬ್ಬಿತ್ತು. ಎಲೆತೋಟಕ್ಕೆ ಹೊರಟವರು ಬುಟ್ಟಿ ಕೆಳಗಿಟ್ಟು ಅಂಗಳದಲ್ಲಿ ಕೂತರು. ಸೆರೆ ಎಂದು ಆಡಿಕೊಂಡವರೂ ಬಂದರು, ಮಠದಿಂದ ಇಬ್ಬರು ಬಂದರು. ಪಡಸಾಲೆಯ ಎರಡೂ ಬಾಗಿಲು ತೆರೆದಿದ್ದವು. ಅಪ್ಪ ಮಿಂದು, ವಿಭೂತಿ ಹಚ್ಚಿಕೊಂಡು, ಮಂದಿಯ ಕಡೆ ಮುಖ ಮಾಡಿ ಕೂತ. ಅಕ್ಕ ತಂಬೂರಿ ತೆಗೆದುಕೊಳ್ಳಲು ಕೈಚಾಚಿದಳು. ಶಿಷ್ಯರು ಹಿಂದೆ ಕೂತು ತಂಬೂರಿ ಮೀಟುವುದು, ಗುರುಗಳು ಮುಂದೆ ಕೂತು ಹಾಡುವುದು ಎಲ್ಲ ಕಡೆಯ ಪದ್ಧತಿ.

"ತಾ ಇಲ್ಲೆ" ಎಂದರು ಗುರುಗಳು. ತಂಬೂರಿ ಇಸಕೊಂಡು ಹೋಗಿ ಅಪ್ಪನ ಬೆನ್ನ ಹಿಂದೆ ಕೂತು ತಂತಿ ಮೀಟತೊಡಗಿದರು.

ಯಾರು ಮೀಟುತ್ತಿದ್ದಾರೆಂದು ಅಪ್ಪನಿಗೆ ದನಿಯಿಂದಲೇ ಗೊತ್ತಾಯಿತು. ಗಾಬರಿಯಾಗಿ ಏಳಲು ಹೋದ. ಗುರುಗಳು ಒಂದು ಕೈಯನ್ನು ಅವನ ಹೆಗಲ ಮೇಲಿಟ್ಟು ಕೂರಿಸಿದರು.

"ಹಿಂದ ನೋಡಬ್ಯಾಡ. ಮುಂದ ಮಂದಿ ಕುಂತಾರ. ಹಾಡು."

ಅಪ್ಪ ಕಣ್ಣು ಒರೆಸಿಕೊಂಡು ಷಡ್ಜ ಹಚ್ಚಿದ.